ಮೂವತ್ತಕ್ಕ ಎಷ್ಟು

ಗುರುವಾರ ಮುಂಜಾನೆ ಹುಬ್ಬಳ್ಳಿ ದೊಡ್ಡಾಸ್ಪತ್ರಿಯ
ಹದಿನಾಲ್ಕನೇ ಖೋಲಿಯೊಳಗ ನಾ ಪ್ರಶ್ನೆ ಕೇಳಾಕಿ.
ಒಂದು ಮೇಜು, ಎರಡು ಕುರ್ಚಿ, ಪೆನ್ಸಿಲ್ಲು, ಖಾಲಿ ಹಾಳಿ.
ಇವತ್ತ ಯಾವ ವಾರ? ಇದು ಯಾವ ಊರು?
ನೂರರಾಗ ಏಳು ತಗದ್ರ ಎಷ್ಟು, ಅದರಾಗ ಮತ್ತ ಏಳು?
ಮೂರು ಮಾತು ಹೇಳ್ತೀನಿ, ನೆನಪಿಟಗೋರಿ:
ನಿಂಬಿಹಣ್ಣು. ಕೌದಿ. ಕೀಲಿ.
ಒಟ್ಟು ಮೂವತ್ತು ಅಂಕ.
ಹಿಂಗ ಹನ್ನೊಂದು ವರ್ಷ.

ಬೆಟಗೇರಿಯ ತುಳಜಾಸಾ ಮೇರವಾಡೆ
ಕೌದಿ ಅನ್ನೋದರಾಗ ನಿಂಬಿಹಣ್ಣು ಕಳಕೊಂಡ್ರು.
ಹುಳಿ ಇರತೈತಿ, ಉಪ್ಪಿನಕಾಯಿ ಹಾಕ್ತಾರ, ಅಂತ ಸುಳಿವು ಕೊಟ್ಟೆ.
ಇಲ್ಲವಾ, ನೀ ಹೇಳೇ ಇಲ್ಲ, ಅಂತ ನಕ್ಕರು.
ಕೈ ಮಾತ್ರ ಮೇಜಿನ ಅಂಚಿನ ಮ್ಯಾಲ ಲಾಳಿ ಒಗೀತಿತ್ತು,
ಎಡಕ್ಕ, ಬಲಕ್ಕ, ಎಡಕ್ಕ.
ಸೊಸಿ ಅಂದಳು: ಮೊದಲ ಹೋಗಿದ್ದು ನಿನ್ನಿ ದಿನ,
ಆಮ್ಯಾಲ ಹ್ವಾದ ವರ್ಷ, ಈಗ ನನ್ನ ಹೆಸರು.
ಕಡೀಕ ನೇಯ್ದ ಎಳಿ ಮೊದಲ ಬಿಚ್ಚಾಕತ್ತೈತ್ರಿ.
ಹದಿನೇಳು, ಅಂತ ಬರದೆ.

ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಸಾಲೊಮನ್ ದೊಡ್ಡಮನಿ,
ಅವರಿಗೂ ಹದಿನೇಳ.
ಆದ್ರ ಮೂರೂ ಮಾತು ಅವರ ಹತ್ರ ಇದ್ದುವು.
ನಿಂಬಿ, ಅಂದು ಕಿಡಕಿ ಕಡೆ ನೋಡಿದ್ರು,
ಒಂದು ಗೂಡ್ಸ್ ಗಾಡಿ ಪೂರ್ತಿ ದಾಟಿ ಹೋಗೋವಷ್ಟು ಹೊತ್ತು,
ಹಣ್ಣು.
ಎರಡು ಸಲ ಲಕ್ವಾ ಹೊಡದಿತ್ತಂತ.
ಒಂದು ಮೆಟ್ಟಲಾ ಇಳದು ವರ್ಷಗಟ್ಟಲೆ ಅಲ್ಲೇ ನಿಂತಿದ್ರು,
ಕ್ರಿಸ್ಮಸ್ಸಿನ ಹಿಂದಿನ ದಿನ ಇನ್ನೊಂದು.
ಮುಂದಿನ ಮೆಟ್ಟಲಾ ಯಾವಾಗ್ರಿ, ಅಂತ ಮಗಳು ಕೇಳಿದಳು.
ನನ್ನ ಹಾಳಿಯೊಳಗ ಆ ಪ್ರಶ್ನೆ ಇಲ್ಲ.

ಅರವತ್ತಕ್ಕ ಅರಳು ಮರಳು ಅಂತಾರ ಮಂದಿ,
ಎಲ್ಲಾ ಒಂದ ಚೀಲದಾಗ ತುಂಬಿ ಬಾಯಿ ಕಟ್ಟಿ.
ಬಿಚ್ಚಿ ಮರದಾಗ ಹಾಕಿ ಕೇರಿದ್ರ ಗೊತ್ತಾಗತೈತಿ
ಕಾಳು ಎಷ್ಟು ಥರ, ಹುಳಾ ಎಷ್ಟು ಥರ.

ಹಾವೇರಿಯ ಖೈರುನ್ನಿಸಾ, ಯಾಲಕ್ಕಿ ಹಾರ ಕಟ್ಟಾಕಿ,
ಒಂದು ಗುರುವಾರ ಇಪ್ಪತ್ತೈದು, ಮುಂದಿನ ಗುರುವಾರ ಹನ್ನೆರಡು.
ನಂದ ತಪ್ಪಿರಬೇಕಂತ ಮೂರು ಸಲ ಕೂಡಿಸಿದೆ.
ಗಡಿಯಾರ ಬರೀರಿ ಅಂದ್ರ ಮುಳ್ಳು ಗೆರಿಯ ಹೊರಗ,
ಹನ್ನೆರಡೂ ಅಂಕಿ ಒಂದ ಮೂಲ್ಯಾಗ,
ಮಳಿಗೆ ಹೆದರಿ ಆಡು ಒತ್ತಿಕೊಂಡು ನಿಂತಂಗ.
ಪೆನ್ಸಿಲ್ಲು ಕೆಳಗಿಟ್ಟು ಮೆಲ್ಲಕ ಕೇಳಿದ್ರು:
ಆ ಹಸರ ಲಂಗದ ಹುಡುಗೀನ ಎಷ್ಟೊತ್ತು ನಿಲ್ಲಸ್ತೀಯವ್ವಾ?
ಮೂಲ್ಯಾಗ ಯಾರೂ ಇರಲಿಲ್ಲ.
ನಾ ಎದ್ದು ನನ್ನ ಕುರ್ಚಿ ಅಲ್ಲಿ ಸರಿಸಿದೆ,
ಉಳದ ಪ್ರಶ್ನೆ ನಿಂತ ಕೇಳಿದೆ.
ಹಂಗ ಮಾಡಬಾರದಂತ ಡಾಕ್ಟರು ಹೇಳ್ಯಾರ.

ಇನ್ನ ಧಾರವಾಡದ ಪ್ರಲ್ಹಾದ ಹುಯಿಲಗೋಳ, ಗಣಿತದ ಮಾಸ್ತರ,
ವಯಸ್ಸು ಬರೇ ಐವತ್ತಾರು.
ತೊಂಬತ್ಮೂರು ಎಂಬತ್ತಾರು ಎಪ್ಪತ್ತೊಂಬತ್ತು,
ನಾ ಉಸುರು ಬಿಡೋದರಾಗ ಅರವತ್ತೈದಕ್ಕ ಬಂದು ನಿಂತ್ರು.
ಇಪ್ಪತ್ತೆಂಟು! ಆ ವರ್ಷದಾಗ ಎಲ್ಲಾರಿಗಿಂತ ಹೆಚ್ಚು.
ಹೊರಗ ಬೆಂಚಿನ ಮ್ಯಾಲ ಹೆಂಡತಿ ಸುಮಿತ್ರಾಬಾಯಿ
ಹಾಳಿ ಓದಲಿಲ್ಲ, ಮಡಚಿದ್ರು.
ಸ್ವಂತ ತಂಗಿ ಹೆಣದ ಮುಂದ ಕೂತು, ಊಟ ಯಾವಾಗ ಅಂದ್ರು.
ಪೇಢಾದ ಅಂಗಡ್ಯಾಗ ರೊಕ್ಕ ಕೊಡದ ಡಬ್ಬಿ ಎತ್ತಿಕೊಂಡು ಬರ್ತಾರ.
ನಾ ಅತ್ತರ ಫ್ಯಾನ್ ನೋಡ್ತಾರ.
ಎಲ್ಲಾ ನೆನಪದ ಅವರಿಗೆ, ಲಗ್ನದ ತಾರೀಖು ಸುದ್ಧಾ.
ಇಪ್ಪತ್ತೆಂಟು ಯಾರಿಗೆ ಬಂತ್ರಿ?
ನಮ್ಮ ಮನ್ಯಾಗ ಅಷ್ಟು ತಗೊಳ್ಳೋರು ಯಾರೂ ಉಳದಿಲ್ಲ.

ಅಂಕದ ಮುಂದ ಷರಾ ಅಂತ ಒಂದು ಕಾಲಂ ಐತಿ,
ಬೆರಳಿನಷ್ಟ ಅಗಲ.
ಲಾಳಿ ಬರದ್ರ ಗಾಡಿ ಹಿಡಿಸಂಗಿಲ್ಲ,
ಗಾಡಿ ಬರದ್ರ ಪೇಢಾ ಹೊರಗ.
ಹಂಗ ಬಿಟ್ಟು ಸಹಿ ಮಾಡತೀನಿ.

ಕಸ ಹೊಡಿಯೋ ಶಾವಕ್ಕ, ನಾ ನಿಂತಿದ್ದ ನೋಡಿದ್ಲೇನೋ,
ಎಲ್ಲಿಂದಲೋ ಮೂರನೇ ಕುರ್ಚಿ ತಂದು ಮೂಲ್ಯಾಗ ಇಟ್ಟಾಳ.
ದಿನಾ ಒರಸತಾಳ.
ಯಾರಿಗೆ ಅಂತ ಇನ್ನೂ ಕೇಳಿಲ್ಲ.